ದೋಸೆ ಬರೋ ತನಕ ಒಂದು ಚಿತ್ರ: ಸ್ಕೆಚ್ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಾವಿದೆ ಅಲ್ಲ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುವವಳು. ಹದಿನಾಲ್ಕು ವರ್ಷದಿಂದ ಬ್ಯಾಗಿನಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ನು ಇಟ್ಟುಕೊಂಡು ಕಂಡದ್ದನ್ನು ಗೀಚುತ್ತಾ ಬಂದಿದ್ದೇನೆ. ಬಸ್ಸಿನ ಪಕ್ಕದ ಸೀಟಿನವರು, ಓಣಿಯವರು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಆಗೊಮ್ಮೆ ಈಗೊಮ್ಮೆ ಕಾಗದ ಬರೆಯುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅದನ್ನೇ. ಕೇಳಿದವರ ಮಾತಿನಲ್ಲೇ ಆ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಈಗಷ್ಟೇ ಶುರು ಮಾಡುವವರಿಗೆ

"ನಂಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ. ನಾನು ಸ್ಕೆಚ್ ಮಾಡೋಕಾಗುತ್ತಾ?"

ನೆಟ್ಟಗಿನ ಗೆರೆಗೆ ಸ್ಕೇಲ್ ಇದೆ, ಬಿಡಿ. ನಿಮಗೆ 'ಣ' ಬರೆಯಲು ಬರುತ್ತೆ ಅಲ್ವಾ? 'ಕ್ಷ', 'ಜ್ಞ' ಬರುತ್ತೆ ಅಲ್ವಾ? ಅಷ್ಟು ಸುತ್ತು, ಕೊಂಬು, ಕೊಕ್ಕೆ ಬರೆಯುವ ಕೈಗೆ ಒಂದು ಚೊಂಬಿನ ಹೊಟ್ಟೆ ಬರೆಯುವುದು ದೊಡ್ಡ ಮಾತಲ್ಲ. ರಂಗೋಲಿ ಹಾಕುವವರಾದರೆ ಚುಕ್ಕಿ ಇಟ್ಟು ಅಳತೆ ಹಿಡಿಯುವುದೂ ಬಂದೇ ಬರುತ್ತದೆ.

ಕೈಗಿಂತ ಜಾಸ್ತಿ ಮೋಸ ಮಾಡುವುದು ಕಣ್ಣು. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು ಬರೆಯಿರಿ. ಸಾಮಾನ್ಯವಾಗಿ ಎಲ್ಲರೂ ಬಾಯಿಯನ್ನು ಮೊಟ್ಟೆಯ ಹಾಗೆ ಬರೆದು, ತಳಕ್ಕೆ ಒಂದು ಅಡ್ಡಗೆರೆ ಎಳೆದು ಮುಗಿಸುತ್ತಾರೆ. ಲೋಟ ಸಮನಾಗಿ ಕೂತಿದೆ ಅಂತ ಗೊತ್ತಲ್ಲ, ಅದಕ್ಕೆ. ಈಗ ತಲೆ ಅಲ್ಲಾಡಿಸದೆ ಮತ್ತೆ ನೋಡಿ. ತಳವೂ ಬಾಗಿದೆ. ಬಾಯಿಗಿಂತ ಸ್ವಲ್ಪ ಜಾಸ್ತಿಯೇ ಬಾಗಿದೆ, ಯಾಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಇದು ಒಂದು ಸಲ ಕಂಡಿತು ಅಂದರೆ ಆಮೇಲೆ ಎಲ್ಲ ಲೋಟ, ಬಕೆಟ್ಟು, ಬಾವಿಕಟ್ಟೆಯಲ್ಲೂ ಕಾಣುತ್ತದೆ.

ನನ್ನ ಮೊದಲ ಪುಸ್ತಕದಲ್ಲಿ ಒಂದು ಎಮ್ಮೆ ಇದೆ. ಕೆಳಗೆ 'ಎಮ್ಮೆ' ಅಂತ ಬರೆದಿದ್ದೇನೆ. ಬರೆಯದಿದ್ದರೆ ಇವತ್ತು ನನಗೂ ಗೊತ್ತಾಗುತ್ತಿರಲಿಲ್ಲ.

"ಏನೇನು ತಗೋಬೇಕು? ಖರ್ಚು ಜಾಸ್ತೀನಾ?"

ಮನೆಯಲ್ಲಿರುವ ಬಾಲ್ ಪೆನ್ನು ಸಾಕು. ಹಗುರವಾಗಿ ಹಿಡಿದರೆ ತೆಳು ಗೆರೆ, ಒತ್ತಿದರೆ ಗಾಢ ಗೆರೆ. ಅದರ ಇಂಕು ಎಣ್ಣೆ ಅಂಶದ್ದು, ನೀರು ಬಿದ್ದರೂ ಅಷ್ಟಾಗಿ ಹರಡುವುದಿಲ್ಲ. ಶಾಯಿ ಪೆನ್ನಿನ ಮಜಾ ಬೇರೆ: ಬೆರಳು ಒದ್ದೆ ಮಾಡಿಕೊಂಡು ಗೆರೆಯ ಮೇಲೆ ಉಜ್ಜಿದರೆ ಪುಕ್ಕಟೆ ನೆರಳು ಸಿಗುತ್ತದೆ.

ಪುಸ್ತಕಕ್ಕೆ ನನ್ನ ದಾರಿ ಹೇಳುತ್ತೇನೆ. ಜೆರಾಕ್ಸ್ ಅಂಗಡಿಯಲ್ಲಿ ಐವತ್ತು ಎ4 ಹಾಳೆ ತಗೊಂಡು, ಅರ್ಧಕ್ಕೆ ಕತ್ತರಿಸಿಸಿ, ಹಿಂದೆ ಒಂದು ದಪ್ಪ ರಟ್ಟು ಇಡಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸುವುದು. ನೂರು ಹಾಳೆಯ ಪುಸ್ತಕ ಆಯ್ತು. ಆ ಕಾಗದ ಸಾಮಾನ್ಯವಾಗಿ 75 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರ್ ಕಾಗದ 75 ಗ್ರಾಂ ತೂಗುತ್ತದೆ. ಪೆನ್ನು, ಪೆನ್ಸಿಲ್‌ಗೆ ಸಾಕು. ನೀರು ತಾಗಿಸಿದರೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಜಲವರ್ಣ ಮಾಡುವ ಆಸೆ ಇದ್ದರೆ 300 ಜಿಎಸ್‌ಎಂ ಕಾಗದ ಬಿಡಿ ಹಾಳೆಯಲ್ಲಿ ತಗೊಳ್ಳಿ.

ದುಬಾರಿ ಪುಸ್ತಕ ಬೇಡ ಅನ್ನುವುದಕ್ಕೆ ಕಾರಣ ದುಡ್ಡಲ್ಲ, ಹೆದರಿಕೆ. ನನ್ನ ತಮ್ಮ ಬೆಂಗಳೂರಿನಿಂದ ಚರ್ಮದ ರಟ್ಟಿನ ಪುಸ್ತಕ ತಂದುಕೊಟ್ಟಿದ್ದ. ಕೆಡಿಸಿಬಿಟ್ಟೇನು ಅಂತ ಮೂರು ವರ್ಷ ಒಂದು ಗೆರೆಯೂ ಹಾಕಲಿಲ್ಲ. ಕೊನೆಗೆ ಹಾಲಿನ ಲೆಕ್ಕಕ್ಕೆ ಇಟ್ಟುಕೊಂಡೆ. ಶಾಂತಿನಿಕೇತನದ ನಂದಲಾಲ್ ಬೋಸ್ (1882–1966) ಅಂಥವರೇ ಪೋಸ್ಟ್‌ಕಾರ್ಡಿನ ಮೇಲೆ ಸ್ಕೆಚ್ ಮಾಡಿ ಶಿಷ್ಯರಿಗೆ, ಸ್ನೇಹಿತರಿಗೆ ಕಳಿಸುತ್ತಿದ್ದರು. ನಮಗೆ ಯಾಕೆ ಚರ್ಮದ ರಟ್ಟು?

"ಪೆನ್ಸಿಲ್ ಮೇಲೆ ಎಚ್‌ಬಿ, 2ಬಿ, 6ಬಿ ಅಂತ ಇರುತ್ತಲ್ಲ, ಏನದು?"

ಸೀಸದ ಕಡ್ಡಿ ಅನ್ನುತ್ತೇವೆ, ಆದರೆ ಅದರಲ್ಲಿ ಸೀಸ ಇಲ್ಲ. ಇರುವುದು ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು. ಎರಡನ್ನೂ ಕಲಸಿ ಸುಡುವ ಉಪಾಯ ಫ್ರಾನ್ಸಿನ ಕಾಂಟೆ ಎಂಬಾತನದು, 1795ರದ್ದು. ಮಣ್ಣು ಜಾಸ್ತಿ ಆದರೆ ಕಡ್ಡಿ ಗಟ್ಟಿ, ಗೆರೆ ತೆಳು: ಅದು ಎಚ್. ಗ್ರಾಫೈಟ್ ಜಾಸ್ತಿ ಆದರೆ ಕಡ್ಡಿ ಮೆತ್ತಗೆ, ಗೆರೆ ಕಪ್ಪು: ಅದು ಬಿ. ಅಂಕಿ ಏರಿದಷ್ಟೂ ಆ ಗುಣ ಜಾಸ್ತಿ. ಹೊರಗೆ ಬರೆಯಲು ಒಂದು 2ಬಿ, ಒಂದು 6ಬಿ ಇದ್ದರೆ ಆಯ್ತು. 6ಬಿಯನ್ನು ಮೆಂಡರಿಗೆ ಹಾಕಿದರೆ ತುದಿ ಮುರಿಯುತ್ತಲೇ ಇರುತ್ತದೆ. ಬ್ಲೇಡಿನಲ್ಲಿ ಹೆರೆಯಿರಿ.

"ಕೈಯಲ್ಲಿ ಫೋನ್ ಇದೆ. ಫೋಟೋ ತೆಗೆದರೆ ಮುಗೀತಲ್ಲ, ಇದೆಲ್ಲ ಯಾಕೆ?"

ತೆಗೆಯಿರಿ, ನಾನೂ ತೆಗೆಯುತ್ತೇನೆ. ಹರಿಹರದ ಹರಿಹರೇಶ್ವರ ದೇವಸ್ಥಾನದಲ್ಲಿ ನಾನು ತೆಗೆದ ಫೋಟೋಗಳಿಗೆ ಲೆಕ್ಕವಿಲ್ಲ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಅಷ್ಟು ಫೋಟೋ ತೆಗೆದರೂ ಕಂಬ ಹೇಗಿದೆ ಅಂತ ಯಾರಾದರೂ ಕೇಳಿದ್ದರೆ "ಉರುಟಾಗಿದೆ" ಅಂತಷ್ಟೇ ಹೇಳುತ್ತಿದ್ದೆ. ಒಂದು ದಿನ ಮಳೆ ಬಂತು, ಹೊರಗೆ ಹೋಗುವಂತಿರಲಿಲ್ಲ, ಕೂತು ಒಂದೇ ಕಂಬ ಬರೆದೆ. ಬಳೆ ಬಳೆಯಾಗಿ ಕಡೆದ ಕಲ್ಲು. ಒಂದು ಬಳೆ ದಪ್ಪ, ಮುಂದಿನದು ಬ್ಲೇಡಿನ ಅಂಚಿನಷ್ಟು ಸಪೂರ, ಅದರ ಕೆಳಗೆ ಗಂಟೆಯ ಹೊಟ್ಟೆ. ಅವತ್ತು ಮಳೆ ನಿಂತದ್ದು ನನಗೆ ತಿಳಿಯಲಿಲ್ಲ. ಫೋಟೋ ತೆಗೆದಿದ್ದರೆ ಅದೇ ಹೊತ್ತಿನಲ್ಲಿ ನಲವತ್ತು ಕಂಬ ಸಿಗುತ್ತಿದ್ದವು, ಒಂದೂ ನೆನಪಿರುತ್ತಿರಲಿಲ್ಲ.

"ಮನೆ, ಆಫೀಸು, ಮಕ್ಕಳು. ಟೈಮೇ ಸಿಗಲ್ಲ ರೀ. ನಿಮಗೆ ಹೇಗೆ ಸಿಗುತ್ತೆ?"

ನನಗೂ ಸಿಗುವುದಿಲ್ಲ. ನಾನು ಬರೆಯುವುದೆಲ್ಲ ಕಾಯುವ ಹೊತ್ತಿನಲ್ಲಿ. ಕಾಯುವುದಂತೂ ಯಾರಿಗೂ ತಪ್ಪಿದ್ದಲ್ಲ.

ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ ನೋಡಿ. ಜಾಗ ಸಿಗಲು ಹತ್ತು ನಿಮಿಷ, ಜಾಗ ಸಿಕ್ಕ ಮೇಲೆ ದೋಸೆ ಬರಲು ಇನ್ನೊಂದು ಹತ್ತು ನಿಮಿಷ. ಎದುರಿಗೇ ಕಾವಲಿ, ಕಟ್ಟಿಗೆ ಒಲೆಯ ಹೊಗೆ, ಬೆಣ್ಣೆ ಮುದ್ದೆ ಹಾಕುವ ಕೈ. ಆ ಕೈ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ: ಹಿಟ್ಟು ಹುಯ್ಯುವುದು, ಸುತ್ತುವುದು, ಬೆಣ್ಣೆ, ಮಗುಚುವುದು. ಈ ಸಲ ತಪ್ಪಿಸಿಕೊಂಡ ಭಂಗಿ ಮುಂದಿನ ದೋಸೆಗೆ ಮತ್ತೆ ಬರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮಾಡೆಲ್ ಎಲ್ಲಿದೆ? ನನ್ನ ನಿಯಮ ಒಂದೇ. ದೋಸೆ ಬಂದ ತಕ್ಷಣ ಪೆನ್ನು ಕೆಳಗೆ. ಚಿತ್ರ ಅರ್ಧ ಆಗಿದ್ದರೆ ಅರ್ಧವೇ ಇರಲಿ. ಬೆಣ್ಣೆ ದೋಸೆ ಆರಿಸಿದರೆ ಪಾಪ ಬರುತ್ತದೆ.

ಮನೆಯಲ್ಲೂ ಹೀಗೇ. ಕುಕ್ಕರ್ ಮೂರು ಸೀಟಿ ಕೂಗುವಷ್ಟರಲ್ಲಿ ಒಂದು ಹೀರೇಕಾಯಿ ಮುಗಿಯುತ್ತದೆ. ಬ್ಯಾಂಕಿನ ಟೋಕನ್, ಬಸ್ ಸ್ಟ್ಯಾಂಡಿನ ಕಲ್ಲುಬೆಂಚು, ಮಗನ ಟ್ಯೂಷನ್ ಬಿಡುವ ಹೊತ್ತು, ಇವೆಲ್ಲ ಮೊದಲು ನನಗೆ ಸಿಟ್ಟು ಬರಿಸುತ್ತಿದ್ದವು. ಈಗ ಬಸ್ಸು ಬೇಗ ಬಂದರೆ ಬೇಜಾರಾಗುತ್ತದೆ.

"ನಮ್ಮೂರಲ್ಲಿ ಬರೆಯೋಕೆ ಏನಿದೆ ಮಹಾ? ಹಂಪಿನಾ, ಬೇಲೂರಾ?"

ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳಿಂದ ಶುರು ಮಾಡಿ. ಯಾರ ಹಿಮ್ಮಡಿ ಯಾವ ಕಡೆ ಸವೆದಿದೆ ಅಂತ ಬರೆದರೆ ಮನೆಯವರೆಲ್ಲ ಅದರಲ್ಲಿ ಬಂದುಬಿಡುತ್ತಾರೆ. ಆಮೇಲೆ ಬೀದಿಗೆ ಬನ್ನಿ. ಮಂಡಕ್ಕಿ ಭಟ್ಟಿಯ ಹೊಗೆಗೂಡು, ಚೀಲ ಹೊತ್ತ ಸೈಕಲ್ಲು. ಎಪಿಎಂಸಿ ಕಡೆ ಮೆಕ್ಕೆಜೋಳ ಹರವಿದ ಹಳದಿ ಅಂಗಳ, ಅದರಲ್ಲಿ ಕಾಲಿನಿಂದ ಗೆರೆ ಎಳೆಯುತ್ತಾ ನಡೆಯುವ ಹೆಂಗಸರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಪಡೆದ ಊರು ಇದು.

ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಜೀವನಪೂರ್ತಿ ಕಾಗೆ ಬರೆದರು. ಕಾಗೆ ದಾವಣಗೆರೆಯಲ್ಲೂ ಇದೆ.

## ಹೊರಗೆ ಕೂತು ಬರೆಯುವಾಗ

"ಜನ ಸುತ್ತ ನಿಂತ್ಕೊಂಡು ನೋಡ್ತಾರೆ. ನಾಚಿಕೆ ಆಗಿ ಪುಸ್ತಕ ಮುಚ್ಚಿಬಿಡ್ತೀನಿ. ಏನ್ ಮಾಡ್ಲಿ?"

ನಮ್ಮ ಕಡೆ ಯಾರಾದರೂ ರಸ್ತೆಯಲ್ಲಿ ಬಗ್ಗಿ ನೋಡಿದರೆ ಇನ್ನು ನಾಲ್ಕು ಜನ ಬಗ್ಗಿ ನೋಡುತ್ತಾರೆ. ಇದು ಬದಲಾಗುವುದಿಲ್ಲ. ಮೊದಲ ವರ್ಷ ನಾನು ಪುಸ್ತಕವನ್ನು ಎದೆಗೆ ಅಪ್ಪಿಕೊಂಡು ಬರೆಯುತ್ತಿದ್ದೆ, ಪರೀಕ್ಷೆಯಲ್ಲಿ ಪಕ್ಕದವಳಿಗೆ ತೋರಿಸದ ಹಾಗೆ.

ಅದು ಬಿಟ್ಟುಹೋದದ್ದು ಒಂದು ಮಂಡಕ್ಕಿ ಅಂಗಡಿಯ ಮುಂದೆ. ಮಿರ್ಚಿ ಕರಿಯುತ್ತಿದ್ದ ಅಜ್ಜನನ್ನು ಬರೆಯುತ್ತಿದ್ದೆ. ಹುಡುಗನೊಬ್ಬ ಹಿಂದಿನಿಂದ ನೋಡಿ ಕೂಗಿದ, "ಅಜ್ಜಾ, ನಿನ್ನ ಬರಿಯಾಕತ್ತಾರ ನೋಡು." ಅಜ್ಜ ಜಾಲರಿ ಕೆಳಗಿಟ್ಟು, ಕೈ ಒರೆಸಿಕೊಂಡು ಬಂದರು. ಪುಸ್ತಕ ಕೈಗೆ ತಗೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಎಲ್ಲಾ ಚಲೋ ಐತವ್ವ. ನನ್ ಮೀಸಿ ಎಲ್ಲೈತಿ?" ಅಂದರು. ನಿಜವಾಗಿಯೂ ಮೀಸೆ ಬಿಟ್ಟುಹೋಗಿತ್ತು. ಅಷ್ಟು ದೊಡ್ಡ ಮೀಸೆ! ಅಲ್ಲೇ ಬರೆದುಕೊಟ್ಟೆ. ಎರಡು ಮಿರ್ಚಿಗೆ ದುಡ್ಡು ತಗೊಳ್ಳಲಿಲ್ಲ.

ಅವತ್ತಿನಿಂದ ತಿಳಿದದ್ದು ಇಷ್ಟು. ನೋಡುವವರಲ್ಲಿ ಹೆಚ್ಚಿನವರು ನಗಲು ಬಂದಿರುವುದಿಲ್ಲ, ಏನು ಬಿಟ್ಟುಹೋಗಿದೆ ಅಂತ ಹೇಳಲು ಬಂದಿರುತ್ತಾರೆ. ಅವರ ಅಂಗಡಿಯ ಬೋರ್ಡು, ಅವರ ಬೀದಿಯ ಕಂಬ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಇಷ್ಟಾದರೂ ಯಾರೂ ಹಿಂದೆ ನಿಲ್ಲಬಾರದು ಅನ್ನಿಸಿದರೆ ಗೋಡೆಗೆ ಬೆನ್ನು ಕೊಟ್ಟು ಕೂರಿ. ಇದಕ್ಕಿಂತ ಸುಲಭದ ಮದ್ದು ಇಲ್ಲ.

"ಹೆಣ್ಮಕ್ಕಳು ಒಬ್ಬರೇ ಹೊರಗೆ ಕೂತು ಬರೆಯೋದು ಸರಿ ಹೋಗುತ್ತಾ ಅಕ್ಕಾ?"

ಜಾಗ ನೋಡಿಕೊಂಡು. ಗುಡಿಯ ಕಟ್ಟೆ, ಹೋಟೆಲಿನ ಮೂಲೆ ಮೇಜು, ಲೈಬ್ರರಿ, ಬಸ್ಸಿನ ಕಿಟಕಿ ಸೀಟು, ಬೆಳಗಿನ ವಾಕಿಂಗ್ ಜನ ಇರುವಾಗ ಕುಂದುವಾಡ ಕೆರೆ ಏರಿ, ಇಲ್ಲೆಲ್ಲ ನಾನು ಒಬ್ಬಳೇ ಕೂತಿದ್ದೇನೆ. ಚಂದ್ರವಳ್ಳಿಯ ಬಂಡೆಗಳ ನಡುವೆ ವಾರದ ದಿನ ಮಧ್ಯಾಹ್ನ ಒಬ್ಬಳೇ ಕೂರುವುದಿಲ್ಲ. ಯಾರಾದರೂ ಜೊತೆಗಿದ್ದರೆ ಮಾತ್ರ. ಇದು ನ್ಯಾಯವಲ್ಲ, ನನಗೂ ಗೊತ್ತು. ಬರೆಯುವಾಗ ಲೋಕ ಮರೆಯುತ್ತದೆ, ಅದೇ ಅದರ ಸುಖ. ಆದ್ದರಿಂದಲೇ ಮರೆತರೂ ಪರವಾಗಿಲ್ಲ ಅನ್ನುವ ಜಾಗ ಬೇಕು. ಕಿವಿಗೆ ಇಯರ್‌ಫೋನ್ ಬೇಡ.

"ಕೇಳದೇ ಒಬ್ಬರನ್ನ ಬರೆದರೆ ತಪ್ಪಲ್ವಾ?"

ಜನಜಂಗುಳಿಯಲ್ಲಿ ಬೆನ್ನು, ನಿಲುವು, ಪೇಟ ಬರೆದರೆ ಯಾರಿಗೂ ತೊಂದರೆಯಿಲ್ಲ. ಮುಖದ ಗುರುತು ಸಿಗುವ ಹಾಗೆ ಬರೆಯುವುದಾದರೆ ಕೇಳುತ್ತೇನೆ, ಅಥವಾ ಮುಗಿಸಿದ ಮೇಲೆ ತೋರಿಸುತ್ತೇನೆ. ಒಬ್ಬರು ಹರಿದು ಕೊಡಿ ಅಂದರು, ಕೊಟ್ಟೆ. ಆಸ್ಪತ್ರೆಯ ವಾರ್ಡು, ಸಾವಿನ ಮನೆ, ಮಲಗಿರುವವರು, ಗರ್ಭಗುಡಿ, ಇಷ್ಟರಲ್ಲಿ ಪುಸ್ತಕ ತೆಗೆಯುವುದಿಲ್ಲ. ಕೆಲವು ಕಟ್ಟಡಗಳ ಕಾವಲುಗಾರರು "ಏನ್ ನಕ್ಷೆ ಬರೀತಿದೀರಾ?" ಅಂತ ಅನುಮಾನ ಪಡುತ್ತಾರೆ. ಒಂದು ಕಡೆ ಪುಸ್ತಕವನ್ನೇ ಅರ್ಧ ಗಂಟೆ ಇಟ್ಟುಕೊಂಡಿದ್ದರು. ವಾದ ಮಾಡಬೇಡಿ, ರಸ್ತೆಯ ಆಚೆ ಹೋಗಿ ಮರ ಬರೆಯಿರಿ.

"ಜನ ಒಂದು ಕಡೆ ನಿಲ್ಲೋದೇ ಇಲ್ಲ. ತಲೆ ಬರೆಯೋಷ್ಟರಲ್ಲಿ ಎದ್ದು ಹೋಗಿರ್ತಾರೆ."

ಹಾಗಾದರೆ ತಲೆಯಿಂದ ಶುರು ಮಾಡಬೇಡಿ. ಮೊದಲು ಭಾರ ಯಾವ ಕಾಲಿನ ಮೇಲಿದೆ ನೋಡಿ. ನಿಂತವರ ಕತ್ತಿನ ಗುಳಿಯಿಂದ ನೇರ ಕೆಳಗೆ ಒಂದು ಗೆರೆ ಎಳೆದರೆ ಅದು ಭಾರ ಹೊತ್ತ ಕಾಲಿನ ಹತ್ತಿರ ಬಂದು ಬೀಳುತ್ತದೆ. ಆ ಒಂದು ಗೆರೆ, ಹೆಗಲಿನ ಓರೆ, ಸೊಂಟದ ಓರೆ, ಇಷ್ಟು ಐದು ಸೆಕೆಂಡಿನಲ್ಲಿ ಬಂದುಬಿಟ್ಟರೆ ಮನುಷ್ಯ ನಿಂತ. ಮೂಗು, ಕಣ್ಣು ಆಮೇಲೆ. ಬಾರದಿದ್ದರೂ ನಡೆಯುತ್ತದೆ.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ (1911–1996) ಅವರ ರೇಖಾಚಿತ್ರ ಸಿಕ್ಕರೆ ನೋಡಿ. ಕುಣಿಯುವವರನ್ನು ಕೈ ಎತ್ತದ ಹಾಗಿನ ಕೆಲವೇ ಗೆರೆಗಳಲ್ಲಿ ಹಿಡಿದಿದ್ದಾರೆ. ನಾವು ಅಲ್ಲಿಗೆ ಹೋಗುವುದು ದೂರದ ಮಾತು, ಆದರೆ ಎಷ್ಟು ಬಿಡಬಹುದು ಅನ್ನುವುದಕ್ಕೆ ಧೈರ್ಯ ಬರುತ್ತದೆ.

ಇನ್ನೊಂದು ಉಪಾಯ. ಒಂದೇ ಹಾಳೆಯಲ್ಲಿ ನಾಲ್ಕೈದು ಜನರನ್ನು ಒಟ್ಟಿಗೆ ಶುರು ಮಾಡಿ. ಒಬ್ಬರು ಎದ್ದುಹೋದರೆ ಅದೇ ಥರ ಕೂರುವ ಇನ್ನೊಬ್ಬರು ಬಂದೇ ಬರುತ್ತಾರೆ. ನನ್ನ ಪುಸ್ತಕದಲ್ಲಿ ಒಬ್ಬರ ಲುಂಗಿ, ಇನ್ನೊಬ್ಬರ ತಲೆ ಸೇರಿ ಆದವರು ಬೇಕಾದಷ್ಟಿದ್ದಾರೆ.

## ಕೈ ಸ್ವಲ್ಪ ಪಳಗಿದ ಮೇಲೆ

"ದುರ್ಗದ ಬಂಡೆ ಬರೆದರೆ ಆಲೂಗಡ್ಡೆ ಥರ ಕಾಣುತ್ತೆ. ಯಾಕೆ?"

ಈ ಪ್ರಶ್ನೆಗೆ ನಾನು ಆರು ವರ್ಷ ಒದ್ದಾಡಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಆಲೂಗಡ್ಡೆ ಆಗುವುದು ಹೊರಗೆರೆಯನ್ನು ಒಂದೇ ಸುತ್ತಿನಲ್ಲಿ ನುಣ್ಣಗೆ ಎಳೆಯುವುದರಿಂದ. ದುರ್ಗದ ಬಂಡೆ ದೂರಕ್ಕೆ ನುಣುಪು, ಹತ್ತಿರ ಹೋದರೆ ಅಲ್ಲ. ಕಲ್ಲು ಬಿಸಿಲು ಮಳೆಗೆ ಈರುಳ್ಳಿಯ ಹಾಗೆ ಪದರ ಪದರವಾಗಿ ಸಿಪ್ಪೆ ಬಿಡುತ್ತದೆ. ಸಿಪ್ಪೆ ಬಿಟ್ಟ ಕಡೆ ಅಂಚು ತಟ್ಟನೆ ಒಳಗೆ ಹೋಗುತ್ತದೆ, ಮತ್ತೆ ಹೊರಗೆ ಬರುತ್ತದೆ. ಆ ಮುರಿವು ಕಂಡಲ್ಲಿ ಪೆನ್ನು ಎತ್ತಿ. ಗೆರೆ ಮುರಿದರೆ ಕಲ್ಲು, ಮುರಿಯದಿದ್ದರೆ ತರಕಾರಿ.

ಎರಡನೆಯದು ಬಿರುಕು. ಬಿರುಕುಗಳು ಮನಸ್ಸಿಗೆ ಬಂದ ಕಡೆ ಓಡುವುದಿಲ್ಲ, ಹೆಚ್ಚಾಗಿ ಎರಡು ಮೂರು ದಿಕ್ಕಿನಲ್ಲಿ ಸಾಲಾಗಿ ಹೋಗುತ್ತವೆ. ಆ ದಿಕ್ಕು ಹಿಡಿದರೆ ಇಡೀ ಬೆಟ್ಟ ಒಂದೇ ಮೈ ಆಗಿ ಕಾಣುತ್ತದೆ. ಬಂಡೆಯ ನೆತ್ತಿಯಿಂದ ಕೆಳಗೆ ಇಳಿದ ಕಪ್ಪು ಪಟ್ಟೆಗಳನ್ನು ಮರೆಯಬೇಡಿ. ಅವು ಮಳೆನೀರು ಹರಿದ ದಾರಿ. ನೀರು ಬಂಡೆಯ ಉಬ್ಬು ತಗ್ಗು ನೋಡಿಕೊಂಡೇ ಹರಿಯುವುದು, ಹಾಗಾಗಿ ಪಟ್ಟೆ ಸರಿಯಾಗಿ ಬಂದರೆ ಉರುಟುತನ ತಾನಾಗಿ ಬರುತ್ತದೆ. ಕೆಲವು ಕಡೆ ಬಂಡೆಯ ಮೇಲೆ ಉಳಿ ಹೊಡೆದ ಚೌಕ ಗುಳಿಗಳ ಸಾಲು ಇದೆ. ಕೋಟೆ ಕಟ್ಟಿದವರು ಕಲ್ಲು ಸೀಳಿದ ಗುರುತು. ಅದನ್ನು ಬರೆದಾಗಲೆಲ್ಲ ನನಗೆ ಹೊಲಿಗೆಯ ನೆನಪಾಗುತ್ತದೆ.

ಮೂರನೆಯದು ಅಳತೆ. ಪಕ್ಕದಲ್ಲಿ ಮನುಷ್ಯ ಇಲ್ಲದಿದ್ದರೆ ಮನೆ ಗಾತ್ರದ ಬಂಡೆಯೂ ಜಲ್ಲಿಕಲ್ಲು. ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ, ಬೆರಳುಗುರಿನಷ್ಟು ಸಣ್ಣಕ್ಕೆ. ಯಾರೂ ಸಿಗದಿದ್ದರೆ ಕೋತಿ ಇದ್ದೇ ಇವೆ. ಊಟದ ಡಬ್ಬಿ ಮಾತ್ರ ಜೋಪಾನ.

ಬಂಡೆಗೆ ಆತುಕೊಂಡ ಕೋಟೆ ಗೋಡೆಯನ್ನು ಬೇರೆ ಗೆರೆಯಲ್ಲಿ ಬರೆಯಿರಿ. ಬಂಡೆ ಸುತ್ತುಗೆರೆ, ಗೋಡೆ ಕಟ್ಟುಗೆರೆ. ಎರಡೂ ಸೇರುವ ಜಾಗದಲ್ಲೇ ಏಳು ಸುತ್ತಿನ ಕೋಟೆಯ ಜಾಣತನ ಇರುವುದು: ಬೆಟ್ಟ ಎಲ್ಲಿ ತಾನೇ ಗೋಡೆ ಆಗಿದೆಯೋ ಅಲ್ಲಿ ಜನ ಕಟ್ಟಿಲ್ಲ. ಇದು ನನಗೆ ಯಾರೂ ಹೇಳಿದ್ದಲ್ಲ, ಬರೆಯುವಾಗ ಕಲ್ಲು ಸಾಲು ನಿಂತುಹೋದ ಕಡೆ ಕಂಡದ್ದು.

"ಬೀದಿ ಬರೆದರೆ ಕಟ್ಟಡಗಳೆಲ್ಲ ಬೀಳೋ ಹಾಗಿರುತ್ತೆ."

ಕಣ್ಣಿನ ಮಟ್ಟದ ಗೆರೆ ಮೊದಲು ಹಾಕಿ. ನೇರವಾಗಿ ಮುಂದೆ ನೋಡಿದಾಗ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಲ್ಲಿ ಒಂದು ಅಡ್ಡಗೆರೆ. ಉದ್ದಕ್ಕೆ ಹೋಗುವ ಪಿ.ಬಿ. ರಸ್ತೆ ಅಂದುಕೊಳ್ಳಿ. ಆ ಗೆರೆಗಿಂತ ಮೇಲಿರುವ ಸಜ್ಜೆ, ಬೋರ್ಡು, ವೈರು ದೂರ ಹೋದಂತೆ ಕೆಳಗಿಳಿಯುತ್ತವೆ. ಕೆಳಗಿರುವ ಫುಟ್‌ಪಾತು, ಚರಂಡಿ ಅಂಚು ಮೇಲೇರುತ್ತವೆ. ಎಲ್ಲ ಆ ಗೆರೆಯ ಮೇಲಿನ ಒಂದು ಚುಕ್ಕಿಯಲ್ಲಿ ಕೂಡುತ್ತವೆ.

ಇದರಲ್ಲಿ ಒಂದು ತಮಾಷೆ ಇದೆ. ಸಮತಟ್ಟು ರಸ್ತೆಯಲ್ಲಿ ನೀವು ನಿಂತು ಬರೆಯುತ್ತಿದ್ದರೆ ನಿಮ್ಮಷ್ಟೇ ಎತ್ತರದ ಎಲ್ಲರ ಕಣ್ಣೂ, ಹತ್ತಿರದವರದ್ದಾಗಲಿ ದೂರದವರದ್ದಾಗಲಿ, ಅದೇ ಗೆರೆಯ ಮೇಲೆ ಬರುತ್ತದೆ. ಕಾಲು ಮಾತ್ರ ಮೇಲೆ ಕೆಳಗೆ. ಈ ಒಂದು ಸಂಗತಿ ಗೊತ್ತಾದ ದಿನ ನನ್ನ ಸಂತೆಯ ಚಿತ್ರದಲ್ಲಿ ಜನ ಗಾಳಿಯಲ್ಲಿ ತೇಲುವುದು ನಿಂತಿತು.

ಓರೆ ಎಷ್ಟು ಅನ್ನುವುದು ತಿಳಿಯದಿದ್ದರೆ ಪೆನ್ನನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಸಜ್ಜೆಗೆ ತಾಳೆ ಮಾಡಿ. ಅದೇ ಓರೆಯಲ್ಲಿ ಕಾಗದದ ಮೇಲೆ ಇಳಿಸಿ. ಮೊಣಕೈ ಮಡಚಬಾರದು.

"ಸಂತೇಬೆನ್ನೂರು ಹೊಂಡ ಬರೆದೆ. ನೀರು ನೀರಿನ ಥರ ಕಾಣ್ತಿಲ್ಲ."

ನೀರಿಗೆ ಅಲೆ ಅಲೆ ಗೆರೆ ಹಾಕಿರುತ್ತೀರಿ, ಅಲ್ವಾ? ಅದು ಬೇಡ. ಹನುಮಪ್ಪ ನಾಯಕ ಕಟ್ಟಿಸಿದ ಆ ಪುಷ್ಕರಣಿಯ ನಡುವಿನ ವಸಂತ ಮಂಟಪ ನೋಡಿ. ಮಂಟಪ ನೀರು ಮುಟ್ಟುವ ಗೆರೆಯಿಂದ ಶಿಖರದ ತನಕ ಎಷ್ಟಿದೆಯೋ ಅಷ್ಟೇ ಉದ್ದ ನೇರ ಕೆಳಗೆ ಬಿಂಬ ಇರುತ್ತದೆ. ಕಂಬ ಎಡಕ್ಕೆ ಓರೆ ಇದ್ದರೆ ಬಿಂಬವೂ ಎಡಕ್ಕೇ ಓರೆ. ಬೆಳ್ಳಗಿರುವುದು ನೀರಿನಲ್ಲಿ ಸ್ವಲ್ಪ ಮಂಕು, ಕಪ್ಪಗಿರುವುದು ಸ್ವಲ್ಪ ತಿಳಿ. ಬಿಂಬ ಬರೆದ ಮೇಲೆ ಅಡ್ಡಕ್ಕೆ ಎರಡು ಮೂರು ಕಡೆ ರಬ್ಬರಿನಿಂದ ಸೀಳಿಬಿಡಿ. ಗಾಳಿ ಬಂತು, ನೀರಾಯಿತು.

"ಮಧ್ಯಾಹ್ನ ಹೋದರೆ ಚಿತ್ರ ಚಪ್ಪಟೆ ಆಗುತ್ತೆ, ಹೌದಾ?"

ಹೌದು. ನೆತ್ತಿ ಮೇಲಿನ ಬಿಸಿಲಿಗೆ ನೆರಳೆಲ್ಲ ಕಾಲ ಕೆಳಗೆ ಅಡಗಿಕೊಳ್ಳುತ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ ಹೋಗಿ. ನೆರಳು ಓಡುತ್ತಿರುತ್ತದೆ, ಆದ್ದರಿಂದ ಮೊದಲ ಎರಡು ನಿಮಿಷದಲ್ಲೇ ಅದರ ಅಂಚನ್ನು ತೆಳುವಾಗಿ ಗುರುತು ಮಾಡಿಟ್ಟು, ಆಮೇಲೆ ಸೂರ್ಯ ಏನೇ ಮಾಡಲಿ ಅದನ್ನೇ ನಂಬಿ.

"ರಬ್ಬರ್ ಬಳಸಬಾರದು ಅಂತಾರಲ್ಲ, ನಿಜಾನಾ?"

ಹಾಗೇನಿಲ್ಲ. ಆದರೆ ಬಸ್ಸಿನಲ್ಲಿ ಅಳಿಸುತ್ತಾ ಕೂತರೆ ಊರು ಬಂದುಬಿಡುತ್ತದೆ. ತಪ್ಪು ಗೆರೆಯ ಪಕ್ಕದಲ್ಲೇ ಸರಿ ಗೆರೆ ಹಾಕಿ.

"ಬಣ್ಣ ಯಾವಾಗ ಶುರು ಮಾಡ್ಬೇಕು?"

ಕಪ್ಪು, ಬೂದು, ಬಿಳಿ ಮೂರರಲ್ಲಿ ಬೆಳಕು ಯಾವುದು ನೆರಳು ಯಾವುದು ಅಂತ ಹೇಳಲು ಬಂದಾಗ. ನನಗೆ ಬಣ್ಣದಲ್ಲಿ ಅಷ್ಟು ಗತಿಯಿಲ್ಲ, ಜಾಸ್ತಿ ಹೇಳುವುದಿಲ್ಲ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರಾದ ಪಿ.ಆರ್. ತಿಪ್ಪೇಸ್ವಾಮಿ ಅವರ ಜಲವರ್ಣ ಚಿತ್ರಗಳನ್ನು ಎಲ್ಲಾದರೂ ಸಿಕ್ಕರೆ ನೋಡಿ, ನನ್ನ ಮಾತಿಗಿಂತ ಅದು ಮೇಲು.

## ವರ್ಷಗಟ್ಟಲೆ ಬರೆದವರ ಪ್ರಶ್ನೆಗಳು

"ಹಳೇ ಪುಸ್ತಕಗಳು ಮಸುಕಾಗ್ತಿವೆ. ಹೇಗೆ ಕಾಪಾಡೋದು?"

ಪೆನ್ಸಿಲ್ ಬಣ್ಣಗೆಡುವುದಿಲ್ಲ, ಉಜ್ಜಿ ಹೋಗುತ್ತದೆ. ಎರಡು ಹಾಳೆ ನಡುವೆ ಬಟರ್ ಪೇಪರ್ ಇಡಿ. ಬಾಲ್ ಪೆನ್ನಿನ ಇಂಕು ಬೆಳಕಿಗೆ ಬಣ್ಣ ಬಿಡುತ್ತದೆ, ಗೋಡೆಗೆ ತೂಗುಹಾಕಿದರೆ ಬೇಗ ಕೆಡುತ್ತದೆ. ಮುಚ್ಚಿಟ್ಟ ಪುಸ್ತಕದಲ್ಲಿ ಬಹಳ ಕಾಲ ಇರುತ್ತದೆ. ಉಳಿಯಬೇಕು ಅನ್ನುವುದನ್ನು ಪಿಗ್ಮೆಂಟ್ ಇಂಕಿನ (ಕರಗದ ಬಣ್ಣದ ಪುಡಿ ಇರುವ ಇಂಕು) ಪೆನ್ನಿನಲ್ಲಿ ಬರೆಯಿರಿ. ನ್ಯೂಸ್‌ಪ್ರಿಂಟ್ ಕಾಗದ ಏನು ಮಾಡಿದರೂ ಹಳದಿಯಾಗುತ್ತದೆ.

ನನ್ನ ಏಳನೇ ಪುಸ್ತಕ ಹೋದದ್ದು ಇದ್ಯಾವುದರಿಂದಲೂ ಅಲ್ಲ. ಊಟದ ಡಬ್ಬಿಯ ಪಕ್ಕ ಇಟ್ಟಿದ್ದೆ. ಎಣ್ಣೆಗಾಯಿ ಪಲ್ಯ. ಇವತ್ತಿಗೂ ಆ ಪುಸ್ತಕ ತೆಗೆದರೆ ಹಸಿವಾಗುತ್ತದೆ.

"ಸಣ್ಣ ಗೀಚಿಗೂ ಸಹಿ, ತಾರೀಖು ಹಾಕೋದು ಅತಿ ಆಗಲ್ವಾ?"

ತಾರೀಖು ಹಾಕಲೇಬೇಕು. ಊರು, ಹೊತ್ತು, ಆಗ ಕಿವಿಗೆ ಬಿದ್ದ ಒಂದು ಮಾತು ಬರೆದರೆ ಇನ್ನೂ ಚೆಂದ. ಸಹಿ ನಿಮ್ಮಿಷ್ಟ. ಆದರೆ ಒಂದು ಸಂಗತಿ ಕೇಳಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ, ಕ್ರಿ.ಪೂ. 3ನೇ ಶತಮಾನದ್ದು. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ, ಇಲ್ಲಿ ಓದುವವರೇ ಇರಲಿಲ್ಲ ಅನ್ನಿಸುತ್ತದೆ. ಚಕ್ರವರ್ತಿಯ ಆಜ್ಞೆಯ ಕೆಳಗೆ ಸುಮ್ನೆ ಒಂದು ಸಣ್ಣ ಜಂಬ. ನನಗೆ ಆ ಶಾಸನದಲ್ಲಿ ತುಂಬ ಇಷ್ಟವಾದ ಪದ ಅದೇ. ನಿಮ್ಮ ಹೆಸರು ಪುಸ್ತಕದಲ್ಲೇ ಇರಲಿ, ಕೋಟೆ ಗೋಡೆಯ ಮೇಲೆ ಮಾತ್ರ ಬೇಡ. ಸಂರಕ್ಷಿತ ಸ್ಮಾರಕ ಕೆಡಿಸುವುದು ಅಪರಾಧ.

"ಮಗಳು ಇದನ್ನೇ ಓದ್ತೀನಿ ಅಂತಾಳೆ. ಬಿಡಬಹುದಾ?"

ಊರಲ್ಲೇ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಒಂದು ದಿನ ಮಗಳ ಜೊತೆ ಹೋಗಿ ಅಲ್ಲಿನ ಮಕ್ಕಳ ಕೆಲಸ ನೋಡಿಕೊಂಡು ಬನ್ನಿ, ಆಮೇಲೆ ಮಾತಾಡಿ. ಕೆಲಸ ಸಿಗುತ್ತದಾ ಅಂತ ನನ್ನನ್ನು ಕೇಳಬೇಡಿ, ನಾನು ಲೆಕ್ಕಪತ್ರ ನೋಡಿ ಹೊಟ್ಟೆ ಹೊರೆಯುವವಳು.

"ಎಂಟು ವರ್ಷದಿಂದ ಬರೀತಿದೀನಿ. ಎಲ್ಲ ಒಂದೇ ಥರ ಬರುತ್ತೆ. ಮುಂದಕ್ಕೆ ಹೋಗ್ತಾನೇ ಇಲ್ಲ."

ಕೈ ಜಾಣ ಆಗಿದೆ, ಅದೇ ತೊಂದರೆ. ಮರ ಅಂದ ಕೂಡಲೇ ಅದು ತನಗೆ ಗೊತ್ತಿರುವ ಮರ ಬರೆದು ಮುಗಿಸುತ್ತದೆ, ಕಣ್ಣನ್ನು ಕೇಳುವುದೇ ಇಲ್ಲ. ನನಗೆ ಇದು ಒಂಬತ್ತನೇ ವರ್ಷದಲ್ಲಿ ಆಯಿತು. ಎಲ್ಲ ಬೇವಿನ ಮರಗಳೂ ಅಕ್ಕತಂಗಿಯರ ಹಾಗೆ ಬರುತ್ತಿದ್ದವು.

ಮೂರು ಕೆಲಸ ಮಾಡಿದೆ. ಒಂದು, ಕಾಗದ ನೋಡದೆ ಬರೆಯುವುದು. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆಯ ಹಾಗೆ ಹರಿಯಬೇಕು, ಪೆನ್ನು ಅದರ ಜೊತೆ. ಚಿತ್ರ ಅಡ್ಡಾದಿಡ್ಡಿ ಬರುತ್ತದೆ, ಆದರೆ ಗೆರೆಗೆ ಜೀವ ಬರುತ್ತದೆ. ಎರಡು, ವಸ್ತು ಬಿಟ್ಟು ನಡುವಿನ ಖಾಲಿ ಜಾಗ ಬರೆಯುವುದು. ಕೋಟೆಯ ಉಯ್ಯಾಲೆ ಕಂಬ ಇದಕ್ಕೆ ಹೇಳಿ ಮಾಡಿಸಿದ್ದು. ಎರಡು ಕಂಬದ ನಡುವೆ ಸಿಕ್ಕಿಕೊಂಡ ಆಕಾಶದ ತುಂಡನ್ನು ಮಾತ್ರ ಬರೆಯಿರಿ, ಕಂಬ ತಾನಾಗಿ ನಿಲ್ಲುತ್ತದೆ. ಮೂರು, ಎಡಗೈ. ಒಂದು ತಿಂಗಳು ಬಸ್ಸಿನಲ್ಲಿ ಎಡಗೈಯಲ್ಲೇ ಬರೆದೆ. ಪಕ್ಕದಲ್ಲಿ ಕೂರುವ ಮೇಡಂ "ಕೈಗೇನಾಯ್ತು ಪಾಪ?" ಅಂತ ಕೇಳಿದರು.

"ತುಂಬಿದ ಪುಸ್ತಕ ಎಲ್ಲ ಏನ್ ಮಾಡ್ತೀರಿ? ಎಕ್ಸಿಬಿಷನ್ ಮಾಡಲ್ವಾ?"

ಇಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ, ನುಸಿಗುಳಿಗೆ ಜೊತೆ ಇವೆ. ಹೋದ ವರ್ಷ ನಮ್ಮ ಓಣಿಯ ತಿರುವಿನ ಹುಣಸೆಮರ ಕಡಿದರು. ಎದುರುಮನೆಯ ಅಜ್ಜಿ ಬಂದು, "ಆ ಮರ ಬರ್ದಿದ್ದೆ ಅಲ್ವೇನೇ, ತೋರ್ಸು" ಅಂದರು. ಹುಡುಕಿದೆ. ಹದಿನಾಲ್ಕು ವರ್ಷದಲ್ಲಿ ಆ ಮರ ಹನ್ನೊಂದು ಸಲ ಬಂದಿತ್ತು. ಒಂದರಲ್ಲೂ ಅದು ಮುಖ್ಯವಲ್ಲ. ತರಕಾರಿ ಗಾಡಿಯ ಹಿಂದೆ, ಹಾಲಿನವನ ಸೈಕಲ್ಲಿಗೆ ಒರಗುಬೆನ್ನಾಗಿ, ಮಳೆಗೆ ನಿಂತ ಶಾಲೆ ಮಕ್ಕಳ ತಲೆಯ ಮೇಲೆ. ಅಜ್ಜಿ ಹನ್ನೊಂದನ್ನೂ ನೋಡಿ, ಎರಡನೇ ಪುಸ್ತಕದ್ದನ್ನು ಕೇಳಿದರು. ಅದರಲ್ಲಿ ಮರದ ಕೆಳಗೆ ಅವರ ಯಜಮಾನರು ಬೀಡಿ ಸೇದುತ್ತಾ ಕೂತಿದ್ದಾರೆ, ನಮಗೆ ಬೆನ್ನು ಹಾಕಿ. ಸ್ಪೈರಲ್ ಬಿಚ್ಚಿ ಹಾಳೆ ತೆಗೆದುಕೊಟ್ಟೆ.